ವಿಮಾನದ ಮೂಗಿನ ಕೊಳವೆ

ಭದ್ರಾವತಿ
10 ನವೆಂಬರ್ 2024

ಆಕರ್ಷನಿಗೆ,

ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಮಗಳು ಮನೆ ಬಿಟ್ಟು ಹೋದ ಮೇಲೆ ಈ ಹೊಸ್ತಿಲು ತುಳಿಯಬೇಡ ಎಂದು ನಿನಗೆ ಹೇಳಿದವನು ನಾನೇ. ಆ ಮಾತು ಹಾಗೆಯೇ ಇರಲಿ. ಇದು ಬೇರೆ ವಿಷಯ.

ಕೆಲಸದಿಂದ ನಿವೃತ್ತನಾದ ಮೇಲೆ ಹೊತ್ತು ಹೋಗುವುದಿಲ್ಲ. ಕಾರ್ಖಾನೆಯ ಸದ್ದಿಗೆ ಎರಡೂ ಕಿವಿ ಹೋಗಿರುವುದರಿಂದ ಟೀವಿಯೂ ಇಲ್ಲ, ಫೋನಿನ ಮಾತೂ ಇಲ್ಲ. ಹಾಗಾಗಿ ಒಂದು ವಿಮಾನ ಕಟ್ಟಿದ್ದೇನೆ. ನಾಲ್ಕು ಫ್ಯಾನಿನ ಡ್ರೋನ್ ಅಲ್ಲ, ರೆಕ್ಕೆ ಇರುವಂಥದ್ದು. ನೀನು ಭಾನುವಾರ ಹಾರಿಸುತ್ತಿದ್ದೆಯಲ್ಲ, ಅದೇ ಬಗೆ. ಆಟೋಪೈಲಟ್ ಹಾಕಿದ್ದೇನೆ. ನಕ್ಷೆಯಲ್ಲಿ ದಾರಿ ಗುರುತು ಮಾಡಿ ಬಿಟ್ಟರೆ ತಾನೇ ಹೋಗಿ ಬರುತ್ತದೆ.

ತೊಂದರೆ ಇಷ್ಟೇ. ಗಾಳಿಯ ವೇಗ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತದೆ. ಮೈದಾನದಲ್ಲಿ ಹಾರಿಸಿದೆ. ಮೇಲೇರಿದಷ್ಟೂ ವೇಗ ಹೆಚ್ಚುತ್ತಿದೆ ಎಂದು ತೋರಿಸಿತು. ಕಣ್ಣಿಗೆ ನೋಡಿದರೆ ವಿಮಾನ ನಿಧಾನವಾಗುತ್ತಿತ್ತು. ಕೊನೆಗೆ ಮೂಗೆತ್ತಿ, ನಿಂತು, ಬಿತ್ತು. ಮೋಟಾರ್ ತಾನೇ ತಗ್ಗಿತ್ತು. ಹಾರಾಟದ ಲಾಗ್ ಇರುವ ಕಾರ್ಡನ್ನು ಇದರ ಜೊತೆ ಇಟ್ಟಿದ್ದೇನೆ. ನೋಡಿ ಬರೆ. ಬರುವುದು ಬೇಡ.

ಏಕಾಂತಪ್ಪ


ವಿದ್ಯಾನಗರ, ಶಿವಮೊಗ್ಗ
17 ನವೆಂಬರ್ 2024

ಭಾವ, ನಮಸ್ಕಾರ.

ನಿಮ್ಮ ಅಕ್ಷರ ನೋಡಿ ವೀಣಾ ಲಕೋಟೆಯನ್ನು ಒಡೆಯುವ ಮುಂಚೆ ದೇವರ ಮುಂದೆ ಇಟ್ಟು ಬಂದಳು. ನನಗೂ ಅಷ್ಟೇ ಸಂತೋಷವಾಯಿತು. ಹಳೆಯದನ್ನು ನಾನು ಎತ್ತುವುದಿಲ್ಲ.

ಲಾಗ್ ನೋಡಿದೆ. ನಿಮ್ಮ ಸೆನ್ಸರ್ ಕೆಟ್ಟಿಲ್ಲ. ಮೂಗಿನ ಕೊಳವೆ ಕಟ್ಟಿಕೊಂಡಿದೆ. ಮುಂದಿನ ತೂತಿಗೆ ಎದುರುಗಾಳಿ ನುಗ್ಗಬೇಕು, ಪಕ್ಕದ ತೂತಿನಲ್ಲಿ ಸುಮ್ಮನಿರುವ ಗಾಳಿಯ ಒತ್ತಡ ಸಿಗಬೇಕು, ಎರಡರ ವ್ಯತ್ಯಾಸವೇ ವೇಗ. ಒತ್ತಡದ ಮಾಪಕಗಳ ಜೊತೆ ಬದುಕಿದ ನಿಮಗೆ ಇದನ್ನು ಹೇಳಬೇಕಾಗಿಲ್ಲ. ಮುಂದಿನ ತೂತು ಮುಚ್ಚಿದರೆ ನೆಲದ ಒತ್ತಡ ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿಯುತ್ತದೆ, ವ್ಯತ್ಯಾಸ ಬೆಳೆಯುತ್ತದೆ. ಬಹಳ ವೇಗ ಇದೆ ಎಂದುಕೊಂಡು ಆಟೋಪೈಲಟ್ ಮೋಟಾರ್ ತಗ್ಗಿಸಿ ಮೂಗೆತ್ತುತ್ತದೆ. ಪಾಪ, ಅದು ತನಗೆ ಗೊತ್ತಿರುವುದನ್ನೇ ಮಾಡಿದೆ.

ಕೊಳವೆಯೊಳಗೆ ಸಣ್ಣ ತಂತಿ ಆಡಿಸಿ ನೋಡಿ. ಕಣಜದ ಹುಳು ಮಣ್ಣು ಮೆತ್ತಿರುತ್ತದೆ. ನನ್ನ ವಿಮಾನಕ್ಕೂ ಹೀಗೇ ಆಗಿತ್ತು. ಹಾರಿಸದಿದ್ದಾಗ ಮುಚ್ಚಳ ಹಾಕಿಡಿ.

ಅಕ್ಕನ ಫೋನ್ ತುಂಬ ದಿನದಿಂದ ಸ್ವಿಚ್ ಆಫ್ ಬರುತ್ತಿದೆ. ಕೆಟ್ಟಿದ್ದರೆ ಹೇಳಿ, ನಮ್ಮ ಅಂಗಡಿಯಲ್ಲೇ ಸರಿ ಮಾಡಿಸಿಕೊಡುತ್ತೇನೆ.

ನಿಮ್ಮ
ಆಕರ್ಷ


ಭದ್ರಾವತಿ
1 ಡಿಸೆಂಬರ್ 2024

ಆಕರ್ಷನಿಗೆ,

ನೀನು ಹೇಳಿದ್ದೇ ಸರಿ. ಒಳಗೆ ಮಣ್ಣಿನ ಗೂಡು ಇತ್ತು. ತೆಗೆದ ಮೇಲೆ ಚೆನ್ನಾಗಿ ಹಾರಿತು.

ನಿನ್ನ ಪತ್ರವನ್ನು ಜಲಜಾಳಿಗೆ ಓದಿ ಹೇಳಿದೆ. ಇಷ್ಟು ದಿನ ವಿಮಾನದ ಕೋಣೆಗೆ ಕಾಲಿಡದವಳು ಬಂದು, ಕೊಳವೆಯನ್ನು ಬೆಳಕಿಗೆ ಹಿಡಿದು, "ಇಷ್ಟು ಚಿಕ್ಕ ತೂತು ಮುಚ್ಚಿದ್ರೆ ಅಷ್ಟು ದೊಡ್ಡದು ಬೀಳುತ್ತಾ?" ಎಂದು ಕೇಳಿದಳು. ಹೌದು ಎಂದೆ. ಅವಳ ಫೋನು ಕೆಟ್ಟಿಲ್ಲ, ನನ್ನ ಹತ್ತಿರ ಇದೆ. ಅವಳಿಗೆ ಅದರ ಅಗತ್ಯವಿಲ್ಲ.

ಈಗ ಕ್ಯಾಮೆರಾ ವಿಷಯ. ಆಯನೂರಿನ ಆಚೆ ಪರಿಚಯದವರೊಬ್ಬರ ಜಮೀನು ಇದೆ, ಸುತ್ತಮುತ್ತಲಿನ ಹೊಲಮನೆಗಳನ್ನೆಲ್ಲ ಮೇಲಿನಿಂದ ನೋಡಬೇಕು. ಚಿತ್ರ ಆಗಿಂದಾಗಲೇ ನನ್ನ ಕಂಪ್ಯೂಟರಿಗೆ ಬರಬೇಕು. ಎಷ್ಟು ಎತ್ತರದಲ್ಲಿದ್ದರೆ ಕೆಳಗಿನವರ ಗಮನಕ್ಕೆ ಬರುವುದಿಲ್ಲ? ಅಂಗಳದಲ್ಲಿ ನಿಂತವರ ಗುರುತು ಹತ್ತುವುದಕ್ಕೆ ಯಾವ ಲೆನ್ಸ್ ಬೇಕು?

ಏಕಾಂತಪ್ಪ

(ಪತ್ರದ ಕೆಳಗೆ, ಬೇರೆ ಕೈಬರಹದಲ್ಲಿ)

ತಮ್ಮಾ, ನಾನು ಚೆನ್ನಾಗಿದ್ದೀನಿ. ಇವರು ಕೂತು ಬರೆಸ್ತಿದ್ದಾರೆ. ಈ ವಿಮಾನಕ್ಕಾಗಿ ನೀನು ತಲೆ ಕೆಡಿಸ್ಕೋಬೇಡ. ಅಂಗಡಿ ಕೆಲಸ ಇರುತ್ತೆ. ತಡವಾಗಿ ಉತ್ತರ ಬರೆದ್ರೂ ನಡೆಯುತ್ತೆ, ಬರೆಯದಿದ್ರೂ ನಡೆಯುತ್ತೆ. — ಜಲಜಾ


ಭದ್ರಾವತಿ
5 ಜನವರಿ 2025

ಆಕರ್ಷನಿಗೆ,

ನೀನು ಕಳಿಸಿದ ಕ್ಯಾಮೆರಾ ಕೂರಿಸಿದೆ. ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಸೆನ್ಸರ್ ಮತ್ತೆ ಕೈಕೊಡುತ್ತಿದೆ.

ಸಂಜೆ ಮೇಜಿನ ಮೇಲೆ ಪರೀಕ್ಷೆ ಮಾಡಿದರೆ ಸರಿಯಾಗಿರುತ್ತದೆ. ಬೆಳಿಗ್ಗೆ ಆಯನೂರಿನ ಕಡೆ ಹೊರಟು, ಅಲ್ಲಿ ಬಯಲಿನಲ್ಲಿ ಜೋಡಿಸಿದರೆ ಕೊಳವೆಗೆ ಊದಿದರೂ ಅಂಕಿ ಅಲ್ಲಾಡುವುದಿಲ್ಲ. ಒಮ್ಮೆ ಆಯಿತು, ತೊಳೆದೆ. ಮತ್ತೆ ಆಯಿತು, ಮತ್ತೆ ತೊಳೆದೆ. ಮೂರನೆಯ ಸಲವೂ ವಾಪಸ್ ಬಂದೆ. ಮುಚ್ಚಳ ಹಾಕಿಯೇ ಇಡುತ್ತೇನೆ. ಮುಚ್ಚಳ ತೆಗೆದು ಮತ್ತೆ ಹಾಕುವ ಕಣಜವನ್ನು ನಾನು ಕಂಡಿಲ್ಲ.

ಈ ಸಲ ಒಳಗೆ ಗಟ್ಟಿಯಾಗಿ ಕೂತಿದೆ. ಪೊರೆ ಬಂದ ಕಣ್ಣಿಗೆ ಏನೆಂದು ತಿಳಿಯುತ್ತಿಲ್ಲ. ಕೊಳವೆಯನ್ನೇ ಬಿಚ್ಚಿ ಕಳಿಸಿದ್ದೇನೆ. ಕೊಯ್ದು ನೋಡಿ ಹೇಳು. ನನ್ನ ಹತ್ತಿರ ಇನ್ನೊಂದು ಇದೆ.

ಏಕಾಂತಪ್ಪ

(ಕೆಳಗೆ)

ತಮ್ಮಾ, ಹಳೇ ಕೊಳವೆ ಯಾಕೆ ಕೊಯ್ಯೋದು, ಎಸೆದುಬಿಡು. — ಜಲಜಾ


ವಿದ್ಯಾನಗರ, ಶಿವಮೊಗ್ಗ
14 ಜನವರಿ 2025

ಭಾವ, ನಮಸ್ಕಾರ. ಎಳ್ಳು ಬೆಲ್ಲ ಇಟ್ಟಿದ್ದೇನೆ, ಅಕ್ಕನಿಗೂ ಕೊಡಿ.

ಕೊಳವೆ ಕೊಯ್ದೆ. ನಗು ಬಂತು. ಮಣ್ಣಲ್ಲ ಭಾವ, ಗೋಧಿ ಹಿಟ್ಟು! ನಾಲಿಗೆಗೆ ಇಟ್ಟು ನೋಡಿದೆ, ಉಪ್ಪು ಹಾಕಿ ಕಲಸಿದ ಚಪಾತಿ ಹಿಟ್ಟು. ಅಕ್ಕ ಅಡಿಗೆ ಮಾಡುವಾಗ ತಾಗಿರಬಹುದು ಅಂದುಕೊಂಡೆ. ಆದರೆ ತಾನಾಗಿ ಅಷ್ಟು ಒಳಗೆ ಹೋಗುವುದಿಲ್ಲ, ಊದುಬತ್ತಿ ಕಡ್ಡಿಯಂಥದ್ದರಿಂದ ತಳ್ಳಿದ ಗುರುತು ಇದೆ. ಅಕ್ಕಪಕ್ಕದ ಮಕ್ಕಳು ಮನೆಯೊಳಗೆ ಓಡಾಡುತ್ತಾರಾ? ಯಾವುದಕ್ಕೂ ಆ ಕೋಣೆಗೆ ಬೀಗ ಹಾಕಿಡಿ. ಆಟಕ್ಕೆ ಮಾಡಿದ್ದರೂ ಗಾಳಿಯಲ್ಲಿ ಹೋಗುವ ವಸ್ತು, ಕೆಳಗೆ ಯಾರ ತಲೆಯ ಮೇಲಾದರೂ ಬಿದ್ದೀತು.

ನಿಮ್ಮ
ಆಕರ್ಷ


ಭದ್ರಾವತಿ
20 ಜನವರಿ 2025

ಆಕರ್ಷನಿಗೆ,

ಹಿಟ್ಟಿನ ವಿಷಯ ತಿಳಿಸಿದ್ದಕ್ಕೆ ಉಪಕಾರವಾಯಿತು. ಈ ಮನೆಗೆ ಮಕ್ಕಳು ಯಾರೂ ಬರುವುದಿಲ್ಲ.

ಕೋಣೆಗೆ ಬೀಗ ಹಾಕಿದ್ದೇನೆ. ಇನ್ನು ಮುಂದೆ ಆ ತೊಂದರೆ ಇರುವುದಿಲ್ಲ. ಜಲಜಾ ಆರಾಮವಾಗಿದ್ದಾಳೆ. ಎಳ್ಳು ಬೆಲ್ಲ ತಿಂದಳು.

ಏಕಾಂತಪ್ಪ


ಚಿನ್ನಮ್ಮನ ಮನೆಯಿಂದ, ಭದ್ರಾವತಿ
2 ಫೆಬ್ರವರಿ 2025

ತಮ್ಮಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದೆ, ನಿಧಾನವಾಗಿ ಓದು. ಪಕ್ಕದ ಮನೆ ಚಿನ್ನಮ್ಮ ಗೊತ್ತಲ್ಲ, ತಮಿಳಿನವರು. ಅವರ ಮೊಮ್ಮಗಳಿಗೆ ಜ್ವರ, ನೋಡಿ ಬರ್ತೀನಿ ಅಂತ ಹೇಳಿ ಬಂದಿದ್ದೇನೆ. ಈ ಪತ್ರವನ್ನು ಅವರೇ ಡಬ್ಬಿಗೆ ಹಾಕುತ್ತಾರೆ. ನೀನು ಉತ್ತರ ಬರೆದರೆ ಅವರ ಹೆಸರಿಗೆ ಬರೆ. ಫೋನ್ ಮಾಡಿಕೊಡ್ತೀನಿ ಅಂದರು. ನಿನ್ನ ಧ್ವನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ.

ಹಿಟ್ಟು ಇಟ್ಟವಳು ನಾನು. ಮೊದಲ ಸಲದ್ದು ನಿಜವಾಗಿ ಹುಳುವಿನ ಕೆಲಸ. ನೀನು ಬರೆದದ್ದನ್ನು ನಿನ್ನ ಭಾವ ಓದಿ ಹೇಳಿದಾಗ ನನಗೆ ಬುದ್ಧಿ ಬಂತು.

ಜಮೀನು ಸುಳ್ಳು, ಪರಿಚಯದವರು ಸುಳ್ಳು. ಪೂಜಿತಾ ಆಯನೂರಿನ ಸಂತೆಯಲ್ಲಿ ಕಂಡಳು ಅಂತ ಯಾರೋ ಅವರಿಗೆ ಹೇಳಿದ್ದಾರೆ. ಯಾವ ಮನೆ ಅಂತ ಮಾತ್ರ ಗೊತ್ತಿಲ್ಲ. ಹೋಗಿ ಕೇಳಿದರೆ ಸುದ್ದಿ ಮುಂಚೆ ಮುಟ್ಟುತ್ತೆ, ಮಗಳು ಅಳಿಯ ಮತ್ತೆ ಮನೆ ಬದಲಾಯಿಸುತ್ತಾರೆ, ಅದಕ್ಕೇ ಆಕಾಶದಿಂದ ಹುಡುಕುವುದು. ಅವಳು ಯುವರಾಜನನ್ನು ಮದುವೆಯಾದ ವಾರವೇ ಇವರು ಅವರಿಬ್ಬರ ಬಾಡಿಗೆ ಮನೆ ಬಾಗಿಲಿಗೆ ಮಚ್ಚು ಹಿಡಿದು ಹೋಗಿದ್ದರು, ನಿನಗೂ ಗೊತ್ತು. ಅವತ್ತು ಓಣಿಯವರು ಹಿಡಿದುಕೊಂಡರು. ಹೊಲದ ಮಧ್ಯೆ ಒಂಟಿ ಮನೆಯಲ್ಲಿ ಯಾರು ಹಿಡಿಯುತ್ತಾರೆ?

"ಮನೆ ಯಾವುದು ಅಂತ ಗೊತ್ತಾದ್ರೆ ಸಾಕು, ಆಮೇಲಿನದು ನನ್ನ ಕೆಲಸ," ಅಂತ ಊಟಕ್ಕೆ ಕೂತಾಗ ಹೇಳುತ್ತಾರೆ. ಕೂಗಾಡುವುದಿಲ್ಲ ತಮ್ಮಾ. ಕೂಗಾಡಿದರೆ ಒಳ್ಳೆಯದಿತ್ತು.

ನಿನ್ನ ಪತ್ರ ಬಂದ ದಿನ ನನ್ನ ಮುಂದೆ ಇಟ್ಟು ಓದು ಅಂದರು. ಓದಿದೆ. "ಹಿಟ್ಟು ಕಲಸಿದ ಕೈ ಯಾವುದು?" ಅಂತ ಕೇಳಿದರು. ತೋರಿಸಿದೆ. "ಬಾಗಿಲ ಸಂದಿಯಲ್ಲಿ ಇಡು," ಅಂದರು. ಡಾಕ್ಟರಿಗೆ ಗಾಳಿಗೆ ಬಾಗಿಲು ಬಡಿಯಿತು ಅಂತ ಹೇಳಿಕೊಟ್ಟಿದ್ದರು, ನಾನೂ ಹಾಗೇ ಹೇಳಿದೆ.

ನಿನ್ನ ಮೇಲೆ ಕೋಪವಿಲ್ಲ. ನಿನಗೆ ಹೇಗೆ ಗೊತ್ತಾಗಬೇಕು? ಆದರೆ ಇನ್ನು ಕೋಣೆಗೆ ಹೋಗಲು ನನಗೆ ದಾರಿ ಇಲ್ಲ. ಮುಂದಿನ ಸಲ ಅದು ಹಾರುತ್ತೆ.

ನಿನ್ನ ಅಕ್ಕ


ವಿದ್ಯಾನಗರ, ಶಿವಮೊಗ್ಗ
6 ಫೆಬ್ರವರಿ 2025

ಅಕ್ಕಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ನಿಂತು ಓದಿದೆ. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನಾನು ನಕ್ಕುಕೊಂಡು ಬರೆದ ಪತ್ರ ಅದು. 

ಈಗಲೇ ಬಂದು ಕರೆದುಕೊಂಡು ಹೋಗೋಣ ಎಂದು ಹೊರಟಿದ್ದೆ. ವೀಣಾ ತಡೆದಳು. "ನೀವು ಬಾಗಿಲಲ್ಲಿ ನಿಂತು ಜಗಳ ಆಡ್ತೀರಿ, ಅವರು ಒಳಗಿಂದ ಚಿಲಕ ಹಾಕ್ತಾರೆ. ಅಕ್ಕ ಒಳಗೇ ಉಳೀತಾರೆ," ಅಂದಳು. ಅವಳು ಹೇಳಿದ್ದು ಸರಿ.

ಕೈಗೆ ಪಟ್ಟಿ ಬದಲಾಯಿಸುವ ದಿನ ಚಿನ್ನಮ್ಮ ನಿನ್ನ ಜೊತೆ ಆಸ್ಪತ್ರೆಗೆ ಬರಲಿ. ಭಾವ ಅಲ್ಲಿ ಕಾದು ಕೂರುವವರಲ್ಲ. ಹಿಂದಿನ ಬಾಗಿಲಲ್ಲಿ ವೀಣಾ ಆಟೋ ನಿಲ್ಲಿಸಿಕೊಂಡಿರುತ್ತಾಳೆ. ಬಟ್ಟೆ ಬರೆ ಏನೂ ತರಬೇಡ. ನಮ್ಮ ಮನೆಗೆ ಬರುವುದು ಬೇಡ, ಅವರು ಮೊದಲು ಹುಡುಕುವುದು ಇಲ್ಲೇ. ಪೂಜಿತಾಳಿಗೆ ಫೋನ್ ಮಾಡಿದೆ, ಅವಳು ಆಯನೂರಿನ ಕಡೆ ಇದ್ದಾಳೆ ಅಂತ ನನಗೂ ಈಗಲೇ ಗೊತ್ತಾದದ್ದು. "ಅಮ್ಮ ಇಲ್ಲಿಗೇ ಬರ್ಲಿ ಮಾವ, ಬೇರೆಲ್ಲೂ ಬೇಡ," ಅಂತ ಹಟ ಹಿಡಿದಿದ್ದಾಳೆ. ಅವಳ ಅತ್ತೆ ಕಾಶಮ್ಮನೂ ಅದನ್ನೇ ಹೇಳಿದರು.

ಠಾಣೆಗೆ ಹೋಗುವ ಮಾತು ಆಮೇಲೆ. ಮೊದಲು ನೀನು ಹೊರಗೆ ಬಾ.

ಆಕರ್ಷ


ಭದ್ರಾವತಿ
23 ಫೆಬ್ರವರಿ 2025

ಆಕರ್ಷನಿಗೆ,

ಜಲಜಾ ಆಸ್ಪತ್ರೆಗೆಂದು ಹೋದವಳು ಬಂದಿಲ್ಲ. ಚಿನ್ನಮ್ಮ ಏನೂ ಗೊತ್ತಿಲ್ಲ ಎನ್ನುತ್ತಾಳೆ. ನಿನ್ನ ಮನೆಯಲ್ಲಿ ಇರಬಹುದು ಎಂದು ವಿದ್ಯಾನಗರಕ್ಕೆ ಬಂದಿದ್ದೆ. ಎದುರಿನ ಬೇಕರಿಯಲ್ಲಿ ಕೂತು ನೋಡಿದೆ. ಮರುದಿನವೂ ಬಂದೆ. ನಿನ್ನ ಹೆಂಡತಿ ಹಾಲು ತಂದಳು, ಬಟ್ಟೆ ಹರವಿದಳು. ಎಲ್ಲ ನಿಮ್ಮಿಬ್ಬರದೇ ಬಟ್ಟೆ. ಹಾಗಾಗಿ ಅವಳು ಅಲ್ಲಿಲ್ಲ. ಎಲ್ಲಿ ಎಂದು ನಿನ್ನನ್ನು ಕೇಳುವುದಿಲ್ಲ. ಹೆಂಗಸು ಮಗಳಿರುವಲ್ಲಿಗೆ ಹೋಗುತ್ತಾಳೆ.

ಹೊಸ ಕೊಳವೆ ಚೆನ್ನಾಗಿದೆ. ಒಂದೇ ಕೊರತೆ. ಗಾಳಿ ಇಲ್ಲದ ಹೊತ್ತಿನಲ್ಲಿ ಹಾರಿಸಿದರೂ ಸೆನ್ಸರ್ ತೋರಿಸುವ ವೇಗ ಜಿಪಿಎಸ್ ವೇಗಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಒತ್ತಡವನ್ನು ವೇಗಕ್ಕೆ ತಿರುಗಿಸುವ ಒಂದು ಅನುಪಾತದ ಅಂಕಿ ಸೆಟ್ಟಿಂಗಿನಲ್ಲಿ ಕಾಣುತ್ತದೆ. ಅದನ್ನು ಎಷ್ಟು ಮಾಡಬೇಕು?

ಏಕಾಂತಪ್ಪ


ವಿದ್ಯಾನಗರ, ಶಿವಮೊಗ್ಗ
27 ಫೆಬ್ರವರಿ 2025

ಭಾವ, ನಮಸ್ಕಾರ.

ಅಕ್ಕನ ವಿಷಯ ಕೇಳಿ ಗಾಬರಿಯಾಯಿತು. ನಮಗೂ ಏನೂ ಗೊತ್ತಿಲ್ಲ.

ಅನುಪಾತದ ಅಂಕಿಯನ್ನು ಈಗಿರುವುದಕ್ಕೆ ದುಪ್ಪಟ್ಟು ಮಾಡಿ. ಸರಿಹೋಗುತ್ತದೆ. ಬೇರೆ ಏನನ್ನೂ ಮುಟ್ಟಬೇಡಿ.

ಆಕರ್ಷ


ಭದ್ರಾವತಿ
16 ಮಾರ್ಚ್ 2025

ಆಕರ್ಷನಿಗೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಮನೆಯ ಹತ್ತಿರ ಪರೀಕ್ಷೆ ಮಾಡಲಿಲ್ಲ, ನಿನ್ನ ಮಾತಿದೆಯಲ್ಲ ಎಂದು ನೇರವಾಗಿ ಆಯನೂರಿನ ಆಚೆ ಹೋಗಿ ಹಾರಿಸಿದೆ.

ನೇರ ದಾರಿಯಲ್ಲಿ ಚೆನ್ನಾಗಿ ಹೋಯಿತು. ಮೊದಲ ತಿರುವಿನಲ್ಲಿ ಒಂದು ರೆಕ್ಕೆ ಕೆಳಗಾಯಿತು, ಸುತ್ತಿಕೊಂಡು ಬಿತ್ತು. ಜೋಳ ಕೊಯ್ದ ಹೊಲ. ಯಾರಿಗೂ ಏನೂ ಆಗಲಿಲ್ಲ.

ಮನೆಗೆ ಬಂದು ಲಾಗ್ ಮುಂದಿಟ್ಟುಕೊಂಡು ಕೂತೆ. ಆ ಅಂಕಿ ಸ್ವಲ್ಪ ಏರಬೇಕಿತ್ತು, ಅಷ್ಟೇ. ದುಪ್ಪಟ್ಟು ಮಾಡಿದರೆ ಇಲ್ಲದ ವೇಗವನ್ನು ಇದೆ ಎಂದು ತೋರಿಸುತ್ತದೆ, ಆಟೋಪೈಲಟ್ ನಿಧಾನ ಮಾಡುತ್ತಲೇ ಹೋಗುತ್ತದೆ, ತಿರುವಿನಲ್ಲಿ ರೆಕ್ಕೆಗೆ ಗಾಳಿ ಸಾಲುವುದಿಲ್ಲ. ನನಗೆ ಲೆಕ್ಕ ಬಿಡಿಸಲು ಒಂದು ಸಂಜೆ ಹಿಡಿಯಿತು. ನೀನು ಇಂಥ ತಪ್ಪು ಮಾಡುವವನಲ್ಲ. ಅಕ್ಕ ತಮ್ಮ ಇಬ್ಬರೂ ಒಂದೇ ಕೊಳವೆಗೆ ಕೈ ಹಾಕಿದಿರಿ.

ಆದರೆ ಬೀಳುವ ಮುಂಚಿನ ಚಿತ್ರಗಳೆಲ್ಲ ನನಗೆ ಬಂದಿವೆ. ನೀನು ಆರಿಸಿಕೊಟ್ಟ ಲೆನ್ಸ್ ಬಹಳ ಚೆನ್ನಾಗಿದೆ. ಹೆಂಚಿನ ಮನೆ, ಪಕ್ಕದಲ್ಲಿ ನೀಲಿ ಟಾರ್ಪಾಲಿನ ಕೊಟ್ಟಿಗೆ. ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದಾರೆ. ಇಬ್ಬರು ಹೆಂಗಸರು ಕೂತಿದ್ದಾರೆ. ಒಬ್ಬಳ ಬಲಗೈಗೆ ಬಿಳಿ ಪಟ್ಟಿ ಇದೆ.

ಇನ್ನು ನಿನಗೆ ತೊಂದರೆ ಕೊಡುವುದಿಲ್ಲ.

ನಿನ್ನ ಭಾವ
ಏಕಾಂತಪ್ಪ


ಆಯನೂರು
20 ಏಪ್ರಿಲ್ 2025

ತಮ್ಮಾ,

ನೀನು ದಿನಾ ಫೋನ್ ಮಾಡಿ ಕೇಳುತ್ತೀಯ, ನಾನು ಹೂಂ, ಉಹೂಂ ಅಂತೀನಿ. ಆವತ್ತು ನಡೆದದ್ದನ್ನು ಬಾಯಲ್ಲಿ ಹೇಳಲು ಆಗುತ್ತಿಲ್ಲ. ಬಲಗೈ ಬೆರಳುಗಳು ಮಡಿಸಲು ಬರುತ್ತಿವೆ, ಅದಕ್ಕೇ ಬರೆಯುತ್ತೇನೆ.

ಅವರ ಪತ್ರ ಬಂತು ಅಂತ ನೀನು ಹೇಳಿದ ಕೂಡಲೇ ಯುವರಾಜ ಗಂಟು ಕಟ್ಟಲು ಶುರು ಮಾಡಿದ್ದ. ನಾನು ಬೇಡ ಅಂದೆ. ಎಲ್ಲಿಗೆ ಹೋಗುವುದು? ಮತ್ತೆ ಹುಡುಕುತ್ತಾರೆ, ಮತ್ತೆ ಗಂಟು ಕಟ್ಟುವುದು. "ದೂರು ಕೊಡು, ನಾನು ಸಹಿ ಹಾಕ್ತೀನಿ," ಅಂತ ನಿನಗೆ ಹೇಳಿದ್ದು ಅವತ್ತೇ. ಠಾಣೆಯವರು ಅವರನ್ನು ಕರೆಸಿ ಮಾತಾಡಿ ಕಳಿಸಿದರು. ಆದರೂ ಬಂದೇ ಬಂದರು.

ಮಧ್ಯಾಹ್ನದ ಬಿಸಿಲು. ಯುವರಾಜ ಹಾಲು ಹಾಕಲು ಹೋಗಿದ್ದ. ಬೈಕನ್ನು ಬೇಲಿಯ ಆಚೆ ನಿಲ್ಲಿಸಿ ಒಳಗೆ ಬಂದರು. ಕೈಯಲ್ಲಿ ಗೋಣಿಚೀಲ, ಚೀಲದೊಳಗೆ ಉದ್ದಕ್ಕೆ ಏನೋ ಇತ್ತು. ಪೂಜಿತಾಳನ್ನು ಒಳಗೆ ಹಾಕಿ ಚಿಲಕ ಎಳೆದೆ. ಕಾಶಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದು ನನ್ನ ಪಕ್ಕ ನಿಂತರು.

"ನಡಿ ಮನೆಗೆ," ಅಂದರು.

"ನಾನು ಬರೋದಿಲ್ಲ," ಅಂದೆ.

"ಏನಂದೆ? ಜೋರಾಗಿ ಹೇಳು."

ಇಷ್ಟು ವರ್ಷ ಅವರಿಗೆ ಕೇಳಿಸಲಿ ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಅನ್ನ ಆಯ್ತು ಅನ್ನುವುದನ್ನೂ ಕೂಗಿ ಹೇಳಿದವಳು ನಾನು. ಅವತ್ತು ಕೂಗಲಿಲ್ಲ. ಮತ್ತೊಂದು ಸಲವೂ ಹೇಳಲಿಲ್ಲ. ಸುಮ್ಮನೆ ಅವರ ಮುಖ ನೋಡುತ್ತಾ ನಿಂತೆ. ಕಾಶಮ್ಮನೇ ಅವರಿಗೆ ಕಾಣುವ ಹಾಗೆ ಕೈ ಮಾಡಿ, "ಮಾರಾಯ, ಅವಳು ಬರೋದಿಲ್ವಂತೆ. ನೀರು ಬೇಕಾದ್ರೆ ಕುಡಿದು ಹೋಗು," ಅಂದರು.

ಚೀಲದ ಬಾಯಿ ಬಿಚ್ಚಿದರು. ಬೇಲಿಯಾಚೆ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವರು ಆ ಹೆಂಗಸರನ್ನು ನೋಡಿದರು, ನನ್ನನ್ನು ನೋಡಿದರು, ಮುಚ್ಚಿದ ಬಾಗಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚೀಲದ ಬಾಯಿ ಮತ್ತೆ ಕಟ್ಟಿ, ಹೆಗಲಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೋದರು. ಚೀಲದಲ್ಲಿ ಏನಿತ್ತು ಅಂತ ನಾನು ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ.

ಇಷ್ಟೇ ಆದದ್ದು. ಎಲ್ಲ ಮುಗಿಯಿತು ಅಂತ ಯುವರಾಜ ಅನ್ನುತ್ತಾನೆ. ಹೋದ ವಾರ ಚಿನ್ನಮ್ಮನ ಫೋನ್ ಬಂದಿತ್ತು. ನಮ್ಮ ಮನೆಗೆ ಮತ್ತೆ ದೊಡ್ಡ ಡಬ್ಬಿಗಳು ಬಂದಿವೆಯಂತೆ, ಉದ್ದುದ್ದ. ಕೋಣೆಯಲ್ಲಿ ಗರಗಸದ ಸದ್ದು ಕೇಳುತ್ತದಂತೆ. ನಿನಗೆ ಅವರು ಏನಾದರೂ ಬರೆದರಾ ಅಂತ ಕೇಳಿದೆ, ನೀನು ಇಲ್ಲ ಅಂದೆ. ಈಗ ಅವರಿಗೆ ಯಾರನ್ನೂ ಕೇಳಬೇಕಾಗಿಲ್ಲ ತಮ್ಮಾ. ಎಲ್ಲವನ್ನೂ ನೀನು ಕಲಿಸಿಕೊಟ್ಟಾಗಿದೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ, ಇರುವುದನ್ನು ಹೇಳಿದೆ.

ಅಂಗಳದ ಮೇಲೆ ಹಸಿರು ಬಲೆ ಕಟ್ಟೋಣ ಅಂತ ಪೂಜಿತಾ ಹೇಳಿದಳು. ಬೇಡ ಅಂದೆ. ಬಲೆ ಕಟ್ಟಿದರೆ ಸಂಡಿಗೆ ಎಲ್ಲಿ ಒಣಗಿಸುವುದು?

ಮೊನ್ನೆ ಅವಳೂ ನಾನೂ ಸಂಡಿಗೆ ಇಡುತ್ತಿದ್ದೆವು. ಎಲ್ಲೋ ಮೇಲೆ ಗುಂಯ್ ಅನ್ನುವ ಸದ್ದು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಏನೂ ಕಾಣಿಸುತ್ತಿರಲಿಲ್ಲ. ಅವಳು ಹಿಟ್ಟಿನ ಪಾತ್ರೆ ಅಲ್ಲೇ ಬಿಟ್ಟು ಒಳಗೆ ಓಡಿದಳು. "ಅಮ್ಮಾ, ಬಾ ಒಳಗೆ, ಬಾ," ಅಂತ ಬಾಗಿಲಿನಿಂದ ಕರೆಯುತ್ತಲೇ ಇದ್ದಳು. ನಾನು ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ನಡುವೆ ಹೋಗಿ, ತಲೆ ಎತ್ತಿ, ಸದ್ದು ನಿಲ್ಲುವವರೆಗೂ ನಿಂತಿದ್ದೆ.

ಜಲಜಾ